ಚಿಪ್ ಬೇಕಿಲ್ಲದ ದೊಡ್ಡಪ್ಪ

ಮಿದುಳಿಗೆ ಚಿಪ್ ಕೂರಿಸಿ ಮನಸ್ಸಿನ ಮಾತು ಓದುವ ವಿದ್ಯೆ ಈಗಷ್ಟೇ ಬಂದಿದೆ ಎಂದು ಟೀವಿಯವರು ಗುಡುಗು ಸಿಡಿಲಿನ ಸದ್ದು ಹಾಕಿ ಬಡಕೊಳ್ಳುತ್ತಿದ್ದಾರಲ್ಲ, ಶುದ್ಧ ಸುಳ್ಳು! ಬಾಗಲೂರಿನ ನಮ್ಮ ದೊಡ್ಡಪ್ಪ ಅದನ್ನು ಯಾವತ್ತೋ ಕಲಿತಿದ್ದರು. "ಇದಕ್ ತಲೆ ಯಾಕ್ಲಾ ಕೊರೀಬೇಕು? ಸಂಸಾರ ಮಾಡಿದ್ರೆ ಸಾಕು!" ಎನ್ನುತ್ತಿದ್ದರು.

ದೊಡ್ಡಮ್ಮನಿಗೆ ಲಕ್ವ ಹೊಡೆದು ಮಾತು ನಿಂತಿತ್ತು. ಎಡಗೈಯೊಂದು ನಿಧಾನವಾಗಿ ಆಡುತ್ತಿತ್ತು, ಅಷ್ಟೆ. ಅಂದಿನಿಂದ ಅವರ ಮಾತನ್ನೆಲ್ಲ ದೊಡ್ಡಪ್ಪನೇ ಆಡತೊಡಗಿದರು. "ಅವ್ಳಿಗೆ ಬೋಂಡ ತಿನ್ನೋ ಆಸೆ ಆಗೈತೆ ಕಣ್ಲಾ" ಎಂದು ನನ್ನಿಂದ ತರಿಸುವುದು, ಒಂದು ಚೂರು ಅವರ ಬಾಯಿಗಿಟ್ಟು "ಸಾಕಂತೆ" ಎಂದು ಉಳಿದದ್ದನ್ನು ತಾವೇ ಮುಗಿಸುವುದು! ರಾಯಕೋಟೆಯ ಗೃಹಪ್ರವೇಶದ ಊಟದಲ್ಲಂತೂ ಮನೆಯವರ ಎದುರಿಗೇ, "ಸಾರು ನೀರ್ ನೀರಾಗೈತೆ ಅಂತವ್ಳೆ" ಎಂದು ಘೋಷಿಸಿಬಿಟ್ಟರು. ಇವರ ತಮ್ಮನ ಮಗ ನಾನು ಎಂದು ಯಾರಿಗೂ ತಿಳಿಯದಿರಲಪ್ಪಾ ಎಂದು ಎಲೆಯಿಂದ ತಲೆ ಎತ್ತದೆ ಉಂಡೆ.

ಇದನ್ನೆಲ್ಲ ಹೊಸೂರಿನ ಫ್ಯಾಕ್ಟರಿಯಲ್ಲಿ ನನ್ನ ಜೊತೆ ದುಡಿಯುವ ತಮಿಳು ಗೆಳೆಯನಿಗೆ ಹೇಳಿ ನಕ್ಕೆ. ಅವನದ್ದೊಂದು ವಿಡಿಯೊ ಚಾನೆಲ್ಲು. ಭಾನುವಾರವೇ ಮೊಬೈಲು ಹಿಡಿದು ಬಂದ. "ಚಿಪ್ ಇಲ್ಲದೆ ಹೆಂಡತಿಯ ಮಿದುಳು ಓದುವ ಗಂಡ!" ಎಂಬ ತಲೆಬರಹವೂ ಸಿದ್ಧವಾಗಿತ್ತು. ನೋಡಲು ಗಮ್ಮತ್ತಾಗಿರಲಿ ಎಂದು ದೊಡ್ಡಮ್ಮನ ಹಣೆಗೆ ಹಳೇ ಇಯರ್‌ಫೋನಿನ ವೈರು ಅಂಟಿಸಿದ. ಟೇಪು ಹರಿದುಕೊಟ್ಟ ಮಹಾನುಭಾವ ನಾನೇ.

ದೊಡ್ಡಪ್ಪ ಅಂಗಿ ಬದಲಿಸಿ, ತಲೆ ಬಾಚಿಕೊಂಡು ಬಂದು ಕುಳಿತರು.

"ಸೊಲ್ಲುಂಗ ಅಯ್ಯಾ, ಹೇಳಿ, ಅಮ್ಮ ಈಗ ಏನಂತಾವ್ರೆ?" ಎಂದ ಗೆಳೆಯ.

ದೊಡ್ಡಮ್ಮನ ಎಡಗೈ ಮೆಲ್ಲಗೆ ಮೇಲೆದ್ದಿತು. ಸೆರಗಿನ ತುದಿ ಹುಡುಕಿತು. ಮುಖ ಮುಚ್ಚಿಕೊಳ್ಳಲು ಎಳೆಯಿತು, ಮತ್ತೆ ಎಳೆಯಿತು. ಸೆರಗು ಗಲ್ಲದವರೆಗೆ ಬಂದು ನಿಂತುಬಿಟ್ಟಿತು. ಅದನ್ನು ಓದಲು ಯಾವ ಚಿಪ್ ಬೇಕಿತ್ತು? ನಾಚಿಕೆಯಿಂದ ನಾನು ಕುಗ್ಗಿಹೋದೆ. ಈ ಸಲ ದೊಡ್ಡಪ್ಪನ ಬಗ್ಗೆ ಅಲ್ಲ, ನನ್ನ ಬಗ್ಗೆಯೇ.

ದೊಡ್ಡಪ್ಪ ಮೊಬೈಲಿಗೆ ಕೈ ಅಡ್ಡ ಹಿಡಿದರು.

"ಗೊತ್ತಿಲ್ಲ ಕಣಪ್ಪಾ. ನಾನು ಒಂದ್ ದಿನಾನೂ ಅವ್ಳ್ನ ಕೇಳ್ಲೇ ಇಲ್ಲ. ನಿಲ್ಸು ಅದನ್ನ."

ವೈರು ತಾವೇ ಬಿಡಿಸಿ, ಸೆರಗನ್ನು ಮುಖದ ಮೇಲೆ ಎಳೆದು ಹೊದಿಸಿದರು. ಗೆಳೆಯ ವಿಡಿಯೊ ಅಳಿಸುವವರೆಗೂ ನಾನು ಅವನ ಪಕ್ಕದಿಂದ ಕದಲಲಿಲ್ಲ.

ಈಗ ದೊಡ್ಡಪ್ಪ ಕಾಫಿ ಲೋಟ ಹಿಡಿದು, "ಕುಡೀತೀಯಾ?" ಎಂದು ಕೇಳಿ, ಆ ಕೈ ಆಡುವವರೆಗೂ ಕಾಯುತ್ತಾರೆ. ಕಾಫಿ ಆರಿ ತಣ್ಣಗಾಗುತ್ತದೆ. ಮೊನ್ನೆ ನಾನು ಹೋದಾಗ ದೊಡ್ಡಮ್ಮ ಲೋಟವನ್ನು ಮೆಲ್ಲಗೆ ಆಚೆ ತಳ್ಳಿದರು. ದೊಡ್ಡಪ್ಪನ ಕಣ್ಣು ತುಂಬಿ ಬಂತು.

"ನೋಡ್ಲಾ, ಬ್ಯಾಡ ಅಂದ್ಲು ಕಣ್ಲಾ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು.