ಸಂತಿಯಾಗುವಿನ ಲಾರಿಯ ಹೊಟ್ಟೆನೋವು

ಸಂತಿಯಾಗುವಿನ ಲಾರಿಗೆ ಒಂದು ದುರಭ್ಯಾಸವಿತ್ತು. ಮನಸ್ಸು ಬಂದ ದಿನ ಮೂತಿಯ ಹ್ಯಾಂಡಲನ್ನು ಒಮ್ಮೆ ತಿರುಗಿಸಿದರೆ ಸಾಕು, ಕೆಸರೆ ಊರಿನ ಕೋಳಿಗಳೆಲ್ಲ ಸೂರು ಹತ್ತುವಂತೆ ಗುಡುಗುತ್ತಿತ್ತು. ಮನಸ್ಸು ಬಾರದ ದಿನ ಅವನ ರಟ್ಟೆ ಬಿದ್ದುಹೋದರೂ ಕಮಕ್ ಕಿಮಕ್ ಎನ್ನುತ್ತಿರಲಿಲ್ಲ. ಮುಂದೆ ಕಾರಿನ ಮೂತಿ, ಹಿಂದೆ ತೆರೆದ ಮರದ ಪೆಟ್ಟಿಗೆ. ಯಾವನೋ ಕಾಫಿ ತೋಟದ ದೊರೆ ಹತ್ತು ವರ್ಷ ಓಡಿಸಿ ಬಿಸಾಕಿದ್ದನ್ನು ಮೂರು ತಿಂಗಳ ಹಿಂದೆ ಕೊಂಡಿದ್ದ.

ಕೊಂಡ ದಿನ ಚರ್ಚಿನ ಸ್ವಾಮಿಗಳು ಬಂದು ತೀರ್ಥ ಚಿಮುಕಿಸಿ ಆಶೀರ್ವದಿಸಿದ್ದರು. ಅವರು ಅತ್ತ ಹೋದಮೇಲೆ ಸಂತಿಯಾಗು ಹೆಂಡತಿ ಆರೋಗ್ಯಮೇರಿಯೆದುರು ಎಲ್ಲ ಬಲ್ಲವನಂತೆ ನಕ್ಕಿದ್ದ. "ಮೇಲೆ ಚಿಮುಕಿಸಿದ್ರೆ ಬಣ್ಣಕ್ಕಾಯ್ತು, ಇಂಜಿನ್ನಿಗೇನಾಯ್ತು? ಔಷಧಿ ಅಂದ್ಮೇಲೆ ಹೊಟ್ಟೆಗೆ ಹೋಗ್ಬೇಕು ಕಣೇ." ಗಂಡನ ಜಾಣತನದ ಮಾತುಗಳಿಗೆ ಉತ್ತರ ಕೊಡುವುದನ್ನು ಅವಳು ಬಿಟ್ಟು ಬಹಳ ಕಾಲವಾಗಿತ್ತು.

ಈ ಸೋಮವಾರ ಮಾತ್ರ ಲಾರಿ ಓಡಲೇಬೇಕಿತ್ತು. ಚರ್ಚಿನ ಬೋರ್ಡಿಂಗ್ ಶಾಲೆಗೆ ರಾಗಿ ಸಾಗಿಸುವ ಕೆಲಸ ಇಷ್ಟು ವರ್ಷವೂ ಎದುರುಮನೆ ಕೆಂಪಯ್ಯನ ಎತ್ತಿನ ಗಾಡಿಯದಾಗಿತ್ತು. "ಎತ್ತು ಅರ್ಧ ದಿನ ಮಾಡೋದನ್ನ ನನ್ನ ಲಾರಿ ಅರ್ಧ ಗಂಟೇಲಿ ಮಾಡ್ತದೆ" ಎಂದು ಸಂತಿಯಾಗು ಚರ್ಚಿನ ಬಾಗಿಲಲ್ಲೇ ಜಂಬ ಕೊಚ್ಚಿದ್ದ. "ಹಾಗಾದ್ರೆ ಸೋಮವಾರ ಹನ್ನೆರಡರ ಗಂಟೆ ಹೊಡೆಯೋದರೊಳಗೆ ತಂದಿಳಿಸಪ್ಪ. ವರ್ಷದ ಕೆಲಸ ನಿಂದೇ" ಎಂದಿದ್ದರು ಸ್ವಾಮಿಗಳು. ಹತ್ತು ಮೂಟೆ ರಾಗಿ ಹಿಂದಿನ ಸಂಜೆಯೇ ಲಾರಿ ಹತ್ತಿ ಕೂತಿತ್ತು.

ಬೆಳಿಗ್ಗೆ ಏಳಕ್ಕೆ ಶುರುಮಾಡಿದವನು ಎಂಟಕ್ಕೂ ಹ್ಯಾಂಡಲ್ ತಿರುಗಿಸುತ್ತಲೇ ಇದ್ದ. ಪಕ್ಕದ ಮನೆ ಪುಟ್ಟತಾಯಮ್ಮ ಪೊರಕೆ ಹಿಡಿದೇ ಬಂದಳು.

"ಇವತ್ತೇನ್ ವಾರ ಸಂತಿಯಾಗಪ್ಪ?"

"ಸೋಮವಾರ ಕಣಮ್ಮ."

"ಅದಕ್ಕೇ ಮತ್ತೆ! ಸೋಮವಾರ ಬಸವಣ್ಣನ ವಾರ, ಎತ್ತಿಗೇ ನೇಗ್ಲು ಕಟ್ಟಲ್ಲ. ಇದೂ ಗಾಡಿ ಎಳೆಯೋದೇ ಅಲ್ವಾ? ರಜ ಕೇಳ್ತಾ ಅದೆ."

ನಗಬೇಕೆಂದುಕೊಂಡವನಿಗೆ ನಗು ಬರಲಿಲ್ಲ. ಲಾರಿ ಹೆಚ್ಚಾಗಿ ಹಟ ಹಿಡಿಯುತ್ತಿದ್ದುದು ಸೋಮವಾರಗಳಲ್ಲೇ. ಎದುರು ಜಗಲಿಯ ಮೇಲೆ ಕೆಂಪಯ್ಯ ಎಲೆಗೆ ಸುಣ್ಣ ಹಚ್ಚುತ್ತ ತುಟಿ ಬಿಚ್ಚದೆ ನೋಡುತ್ತಿದ್ದ. ಅವನು ಒಂದು ಮಾತು ಆಡಿಕೊಂಡಿದ್ದರೂ ಸಂತಿಯಾಗುವಿಗೆ ಅಷ್ಟು ಉರಿಯುತ್ತಿರಲಿಲ್ಲ.

ಒಂಬತ್ತಕ್ಕೆ ಪೇಟೆಯಿಂದ ಮೆಕ್ಯಾನಿಕ್ ಲಕ್ಷ್ಮೀನರಸಿಂಹ ಸೈಕಲ್ ತುಳಿದುಕೊಂಡು ಬಂದ. ಹಿಂದೆ ಮೂರು ಸಲ ಅವನ ಶೆಡ್ಡಿಗೆ ಒಯ್ದಾಗಲೂ ಲಾರಿ ಡಾಕ್ಟರ ಮುಂದೆ ಕೂತ ಮಗುವಿನಂತೆ ಚೆನ್ನಾಗಿಯೇ ನಡೆದುಕೊಂಡಿತ್ತು. ಈ ಸಲ ಕಾಯಿಲೆ ಇರುವಾಗಲೇ ಸಿಕ್ಕಿತೆಂದು ಅವನಿಗೆ ಖುಷಿ. ಪ್ಲಗ್ ಬಿಚ್ಚಿ, ಸಂತಿಯಾಗುವಿಗೇ ಹ್ಯಾಂಡಲ್ ತಿರುಗಿಸಲು ಹೇಳಿ ನೋಡಿದ. ನೀಲಿ ಕಿಡಿ ಚಟ್ ಎಂದಿತು.

"ಬೆಂಕಿ ಸರಿಯಾಗಿದೆ. ತಪ್ಪು ಊಟದ್ದು" ಎಂದವನೇ, ಸೀಟಿನಡಿಯ ಟ್ಯಾಂಕಿನ ತಳದಿಂದ ಒಂದು ಗಾಜಿನ ಸೀಸೆಗೆ ಪೆಟ್ರೋಲ್ ಹಿಡಿದು ಬಿಸಿಲಿಗೆ ಎತ್ತಿದ. ಮೇಲೆ ಪೆಟ್ರೋಲು, ಕೆಳಗೆ ನಾಲ್ಕು ಬೆರಳು ನೀರು.

"ನೀರು ಕಣ್ರೀ! ಗಾಡಿ ಸುಮ್ನೆ ನಿಂತಾಗ ತಳಕ್ಕಿಳಿದು ದಾರಿ ಕಟ್ಟುತ್ತೆ. ಕುಲುಕಾಡಿದ್ರೆ ಬಿಡುತ್ತೆ. ಟ್ಯಾಂಕ್ ಖಾಲಿ ಮಾಡಿ, ಮೇಲಿನ ಒಳ್ಳೇದನ್ನ ಸೋಸಿ ವಾಪಸ್ ಹಾಕೋಣ."

"ಸೋಸೋದೇ? ಗುರುಸಿದ್ದಯ್ಯನ ಕಲಬೆರಕೆ ಮಾಲು ನನ್ನ ಗಾಡಿಗೆ ಬೇಡವೇ ಬೇಡ!" ಸಂತಿಯಾಗುವಿನ ಮೈಯೆಲ್ಲ ಉರಿದುಹೋಯಿತು. ಲಕ್ಷ್ಮೀನರಸಿಂಹ ಬೇಡ ಬೇಡ ಎನ್ನುತ್ತಿದ್ದಂತೆಯೇ ಬಕೆಟ್ಟಿಗೆ ಇಳಿಸಿದ್ದನ್ನೆಲ್ಲ ಮೋರಿಗೆ ಸುರಿದ. ಆಮೇಲೆ ಸೀಸೆಯನ್ನು ಎತ್ತಿ ಹಿಡಿದು ಬೀದಿಯುದ್ದಕ್ಕೂ ತೋರಿಸುತ್ತ ಗುರುಸಿದ್ದಯ್ಯನ ಅಂಗಡಿಗೆ ನಡೆದ. ಆ ಕಡೆಗೆಲ್ಲ ಪೆಟ್ರೋಲ್ ಮಾರುವವನು ಅವನೊಬ್ಬನೇ.

"ನೀರು ಮಾರೋದಾದ್ರೆ ಬಿಂದಿಗೆ ಇಟ್ಕೊಂಡು ಕೂತ್ಕೊಳ್ಳಯ್ಯ!" ಎಂದು ಗಿರಾಕಿಗಳೆದುರು ಕೂಗಾಡಿದ.

ಗುರುಸಿದ್ದಯ್ಯ ಹಣೆಯ ವಿಭೂತಿ ಮುಟ್ಟಿಕೊಂಡು ಎದ್ದುನಿಂತ. "ಇಪ್ಪತ್ತು ವರ್ಷದಿಂದ ವ್ಯಾಪಾರ ಮಾಡ್ತಾ ಇದೀನಿ. ಒಬ್ಬರ ಬಾಯಲ್ಲೂ ಈ ಮಾತು ಕೇಳಿಲ್ಲ. ಶಿವನಾಣೆ, ಇನ್ನು ನಿನ್ನ ಗಾಡಿಗೆ ನನ್ನ ಅಂಗಡಿಯಿಂದ ಒಂದು ಹನಿ ಹೋಗಲ್ಲ" ಎಂದು ಬೀಗ ಜಡಿದು ಊಟಕ್ಕೆ ಹೊರಟೇಬಿಟ್ಟ. ಊಟದ ಹೊತ್ತಿಗೆ ಇನ್ನೂ ಎರಡು ಗಂಟೆಯಿತ್ತು.

ಮರಳಿ ಬರುವಾಗ ಬೀದಿ ತಿರುವಿನಲ್ಲೇ ಸದ್ದು ಕೇಳಿಸಿತು. ಲಕ್ಷ್ಮೀನರಸಿಂಹ ತನ್ನ ಡಬ್ಬಿಯಲ್ಲಿದ್ದ ಒಂದು ಲೋಟ ಪೆಟ್ರೋಲ್ ಹಾಕಿ ಹ್ಯಾಂಡಲ್ ತಿರುಗಿಸಿದ್ದ. ಒಂದೇ ಸುತ್ತಿಗೆ ಲಾರಿ ಗುಡುಗಿ, ಕೋಳಿಗಳು ಸೂರು ಹತ್ತಿದವು. ಸಂತಿಯಾಗು ಓಡಿ ಬಂದು ಮುಟ್ಟುವಷ್ಟರಲ್ಲಿ ಲೋಟ ಮುಗಿದು ಸದ್ದು ನಿಂತಿತು.

"ಕಾಯಿಲೆ ಪೂರ್ತಿ ವಾಸಿಯಾಗಿದೆ. ಪೆಟ್ರೋಲ್ ಎಲ್ಲಿ?" ಎಂದ ಲಕ್ಷ್ಮೀನರಸಿಂಹ.

ಸಂತಿಯಾಗು ಮೋರಿಯ ಕಡೆ ನೋಡಿದ. ತನ್ನಷ್ಟು ದೊಡ್ಡ ಪೆದ್ದ ಮೈಸೂರು ಸೀಮೆಯಲ್ಲೇ ಇಲ್ಲವೆಂದು ಅವನಿಗೆ ಅಳುವೇ ಬಂತು.

ಆಗ ಕೆಂಪಯ್ಯ ಎಲೆ ಉಗಿದು, ಜಗಲಿಯಿಂದಿಳಿದ. "ಮೂಟೆ ಇಳಿಸಿ ನನ್ ಗಾಡಿಗೆ ಹಾಕೋದ್ಯಾಕಣ್ಣ, ಲಾರೀಗೇ ಎತ್ತು ಕಟ್ಬುಡಾನ."

"ಸೋಮವಾರ ಅಲ್ವೇನೋ?"

"ಹೊಲಕ್ಕೆ ಹೂಡಲ್ಲ. ಇದು ದೇವ್ರ ಮನೆ ರಾಗಿ, ಬಸವಣ್ಣ ಏನೂ ಅನ್ಕೊಳಲ್ಲ ಬುಡು."

ಹೀಗೆ ಮುಂದೆ ಎರಡು ಎತ್ತು, ಮೂಟೆಗಳ ಮೇಲೆ ಆರೋಗ್ಯಮೇರಿ, ಸ್ಟಿಯರಿಂಗ್ ಹಿಂದೆ ತಲೆ ತಗ್ಗಿಸಿದ ಸಂತಿಯಾಗು. ಮೆರವಣಿಗೆ ಚರ್ಚಿನ ಬಾಗಿಲು ದಾಟುವುದಕ್ಕೂ ಹನ್ನೆರಡರ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು.

ಸ್ವಾಮಿಗಳು ಲಾರಿಯನ್ನು ನೋಡಿದರು, ಎತ್ತುಗಳನ್ನು ನೋಡಿದರು. "ಹೇಳಿದ ಹೊತ್ತಿಗೆ ಬಂತು. ಕೊಟ್ಟ ಮಾತಿಗೆ ನಾನು ತಪ್ಪಲ್ಲ, ವರ್ಷದ ಕೆಲಸ ಎಳೆದು ತಂದವರದ್ದೇ" ಎಂದರು. ಕೆಂಪಯ್ಯ ಕೈಮುಗಿದ. ಸಂತಿಯಾಗುವಿನ ಮುಖ ನೋಡಲಾರದೆ ಅವರೇ ಸಮಾಧಾನ ಹೇಳಿದರು: "ಬೇಸರ ಬೇಡಪ್ಪ. ಗಾಡಿಗೆ ಇನ್ನೊಂದು ಸಲ ತೀರ್ಥ ಹಾಕೋಣ."

"ತೀರ್ಥಕ್ಕೇನೂ ಕಮ್ಮಿ ಮಾಡಿಲ್ಲ ಸ್ವಾಮಿ" ಎಂದಳು ಆರೋಗ್ಯಮೇರಿ, ಮೂಟೆಯ ಮೇಲಿಂದಲೇ. "ಪ್ರತಿ ಭಾನುವಾರ ಪೂಜೆ ಮುಗಿಸ್ಕೊಂಡು ಹೋಗಿ ಒಂದು ಲೋಟ ಟ್ಯಾಂಕಿಗೇ ಹುಯ್ತಾ ಇದೀನಿ. ಔಷಧಿ ಹೊಟ್ಟೆಗೆ ಹೋಗ್ಬೇಕು ಅಂತ ಇವರೇ ಹೇಳಿದ್ರಲ್ಲ!"

ಸಂತಿಯಾಗುವಿನ ಕಣ್ಣೆದುರು ಮೋರಿ, ಸೀಸೆ, ಗುರುಸಿದ್ದಯ್ಯನ ಬೀಗ ಮೂರೂ ಸಾಲಾಗಿ ಹಾದುಹೋದವು. 

ಆರೋಗ್ಯಮೇರಿ ಕೆಳಗಿಳಿದು, ಮೂಟೆಗಳೆಲ್ಲ ಇಳಿದ ಮೇಲೆ ಸೆರಗಿನಲ್ಲಿದ್ದ ತೀರ್ಥದ ಸೀಸೆಯನ್ನು ಚರ್ಚಿನಂಗಳದ ಬಾನಿಯ ನೀರಿಗೆ ಬಗ್ಗಿಸಿ, ಆ ಬಾನಿಯನ್ನು ಎತ್ತುಗಳ ಮುಂದಿಟ್ಟಳು. ಅವು ಗಟಗಟ ಕುಡಿದವು. ಯಾರೂ ಹ್ಯಾಂಡಲ್ ತಿರುಗಿಸದಿದ್ದರೂ ಸಂತಿಯಾಗುವನ್ನೂ ಅವನ ಲಾರಿಯನ್ನೂ ಎಳೆದುಕೊಂಡು ಮನೆಯ ದಾರಿ ಹಿಡಿದವು.