ಝಂಪಾಬಾದಿಗೆ ಎರಡು ದಿನದ ಪ್ರವಾಸ

ಅಂಗಡಿಯವನು ಮೊದಲು ಹೇಳಿದ ಬೆಲೆಗೇ ತಲೆಯಾಡಿಸಿ ಬರುವವರು ಈ ಜಗತ್ತಿನಲ್ಲಿ ಎರಡೇ ನಮೂನೆ. ಒಂದು, ಹೊಸದಾಗಿ ಮದುವೆಯಾದವರು. ಇನ್ನೊಂದು, ನನ್ನ ಗಂಡ. ಹೊಸದಾಗಿ ಮದುವೆಯಾದವರಿಗೆ ಆರು ತಿಂಗಳಲ್ಲಿ ಬುದ್ಧಿ ಬರುತ್ತದೆ. ನನ್ನ ಗಂಡನಿಗೆ ಮೂವತ್ತೈದು ವರ್ಷವಾದರೂ ಬರಲಿಲ್ಲವೆಂದು ಹೋದ ತಿಂಗಳಿನವರೆಗೂ ನಾನು ನಂಬಿಕೊಂಡಿದ್ದೆ. ಪ್ರವಾಸ ಹೊರಡುವವರಿಗೆ ನಾಲ್ಕು ಮಾತು ಹೇಳೋಣವೆಂದು ಬರೆಯಲು ಕೂತಿದ್ದೇನೆ. ಕಡೆಗೆ ಯಾರು ಯಾರಿಗೆ ಬುದ್ಧಿ ಹೇಳಿದಂತಾಯಿತು ಅನ್ನುವುದನ್ನು ನೀವೇ ನೋಡಿ.

ನಾನು ಮೊದಲು ಹುಮನಾಬಾದಿನ ಓಣಿಗಳಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತುಕೊಂಡು ತಿರುಗುತ್ತಿದ್ದವಳು. ಹಳೆ ಸೀರೆ ಕೊಟ್ಟರೆ ಸ್ಟೀಲಿನ ಹೊಸ ಭಾಂಡೆ, ಅಂದರೆ ಪಾತ್ರೆ. ಬಾಗಿಲಲ್ಲಿ ನಿಂತ ಆ ಮನೆಯ ಅವ್ವನ ಕೈಯಲ್ಲಿ ಎರಡು ಸೀರೆ, ಕಣ್ಣು ನನ್ನ ಬುಟ್ಟಿಯ ಮೂರು ಡಬ್ಬಿಯ ಟಿಫಿನ್ ಕ್ಯಾರಿಯರ್ ಮೇಲೆ. ನಾನು ತೋರಿಸುವುದು ನೀರು ಕುಡಿಯುವ ಲೋಟ. ಆ ಲೋಟದಿಂದ ಈ ಕ್ಯಾರಿಯರ್‌ವರೆಗಿನ ದಾರಿಯಲ್ಲಿ ನಡೆದೇ ನಾನು ಬಸವಕಲ್ಯಾಣದಲ್ಲಿ ಸ್ವಂತದ್ದೊಂದು ಭಾಂಡೆ ಅಂಗಡಿ ಹಾಕಿದೆ. ಆದ್ದರಿಂದ ಚೌಕಾಸಿಯ ವಿಷಯದಲ್ಲಿ ನನ್ನ ಮಾತು ಕೇಳಿ. ಬೆಲೆ ಇಳಿಯದಿದ್ದರೆ ಜಗಳಾಡಬೇಡಿ. ಸುಮ್ಮನೆ ಬೆನ್ನು ತಿರುಗಿಸಿ ಹತ್ತು ಹೆಜ್ಜೆ ನಡೆಯಿರಿ. ಹಿಂದಿರುಗಿ ನೋಡಬಾರದು. ಚಪ್ಪಲಿಯ ಉಂಗುಷ್ಠ ಕಿತ್ತರೂ ಅದನ್ನು ಕೈಯಲ್ಲಿ ಹಿಡಿದುಕೊಂಡು ನಡೆಯಬೇಕು. ಹತ್ತು ಹೆಜ್ಜೆಯೊಳಗೆ ನಿಮ್ಮನ್ನು ವಾಪಸು ಕರೆಯದ ಮನುಷ್ಯ ಇನ್ನೂ ಹುಟ್ಟಿಲ್ಲ. ಒಮ್ಮೆ ಡಾಕ್ಟರರು ಆರು ಇಂಜೆಕ್ಷನ್ ಅಂದಾಗ ನಾಲ್ಕು ಮಾಡಿ ಎಂದು ಕೇಳಿ, ಒಪ್ಪದಿದ್ದಾಗ ಎದ್ದು ನಡೆದಿದ್ದೆ. ಎಂಟನೆಯ ಹೆಜ್ಜೆಗೆ ಕರೆದರು. ಕಣ್ಣಿನ ಚಾಳೀಸು ಮೇಜಿನ ಮೇಲೇ ಬಿಟ್ಟಿದ್ದೇನೆಂದು ಹೇಳಲಿಕ್ಕೆ ಕರೆದದ್ದು ನಿಜ. ಆದರೂ ಕರೆದರಲ್ಲ.

ಈ ಗುಣಕ್ಕಾಗಿಯೇ ನಮ್ಮ ಓಣಿಯ ಪ್ರವಾಸಗಳೆಲ್ಲ ನನ್ನ ಪಾಲಿಗೆ ಬಂದವು. ಮಾಣಿಕನಗರಕ್ಕೆ ಹೋಗಲಿ, ಚಿಟಗುಪ್ಪದ ಲಗ್ನಕ್ಕೆ ಹೋಗಲಿ, ಟೆಂಪೋದವನ ಜೊತೆ ಮಾತಾಡುವವಳು ನಾನು. ಗಾಡಿ ಹೊರಡುವ ಹೊತ್ತಿಗೆ ಆ ಡ್ರೈವರ್ ಆಗಲೇ ದಣಿದಿರುತ್ತಾನೆ. ನನ್ನ ಗಂಡ ಮಾತ್ರ ಕೊನೆಯ ಸೀಟಿನಲ್ಲಿ ಕೂತು, ಬೇರೆ ಯಾವುದೋ ಓಣಿಯವರ ಹಾಗೆ ಕಿಡಕಿಯಾಚೆ ನೋಡುತ್ತಿರುತ್ತಾರೆ. ಒಮ್ಮೆ ಡ್ರೈವರ್ ಅವರನ್ನೇ ಹಿಡಿದು, "ಆ ಅಕ್ಕಾರು ನಿಮಗ ಏನಾಗಬೇಕ್ರಿ?" ಎಂದು ಕೇಳಿದನಂತೆ. ಇವರು, "ಪರಿಚಯ ಅದ" ಅಂದರಂತೆ.

ಇವರು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದರು. ಈಗ ರಿಟೈರಾಗಿ ಒಂದು ವರ್ಷ. ನಾನು ಬೆಳಿಗ್ಗೆ ಒಂಬತ್ತಕ್ಕೆ ಶಟರ್ ಎತ್ತಿದರೆ ಇಳಿಸುವುದು ರಾತ್ರಿಯೇ, ಐತವಾರವೂ ಬಿಡುವಿಲ್ಲ. ಮಧ್ಯಾಹ್ನ ಇವರು ಊಟದ ಡಬ್ಬಿ ತಂದು ಸ್ಟೂಲಿನ ಮೇಲೆ ಕೂತು ಗಿರಾಕಿ ಹೋಗುವುದನ್ನು ಕಾಯುತ್ತಿದ್ದರು. ಒಬ್ಬರು ಹೋದರೆ ಇಬ್ಬರು ಬರುತ್ತಿದ್ದರು. ಡಬ್ಬಿ ಆರುತ್ತಿತ್ತು, ಇವರು ಎದ್ದು ಹೋಗುತ್ತಿದ್ದರು. ನಡುವೆ ಒಂದೆರಡು ಸಲ, ಈ ಐತವಾರ ಎಲ್ಲಿಗಾದರೂ ಹೋಗೋಣವೇ ಎಂದು ಕೇಳಿದ್ದುಂಟು. ಲಗ್ನದ ಸೀಸನ್ ಮುಗಿಯಲಿ ಅಂದಿದ್ದೆ. ನಮ್ಮ ಕಡೆ ಒಂದು ಲಗ್ನದ ಸೀಸನ್ ಮುಗಿಯುವುದೇ ಇನ್ನೊಂದು ಶುರುವಾಗಲಿಕ್ಕೆ. ಇವರು ವಾದಿಸಲಿಲ್ಲ. ಒಂದು ನೋಟ್‌ಬುಕ್ಕು ಕೊಂಡು ತಂದರು, ಅಂಗಡಿಯವನು ಹೇಳಿದ ಬೆಲೆಗೇ.

ಒಂದು ಮಧ್ಯಾಹ್ನ ಆ ನೋಟ್‌ಬುಕ್ಕನ್ನು ನನ್ನ ತಕ್ಕಡಿಯ ಪಕ್ಕ ಬಿಚ್ಚಿಟ್ಟರು. ಬಣ್ಣ ಹಾಕಿದ ನಕಾಶೆ. ಗುಡ್ಡ, ಕೆರೆ, ಬಜಾರು, ಮೇಲ್ಗಡೆ ದಪ್ಪ ಅಕ್ಷರದಲ್ಲಿ ಝಂಪಾಬಾದ್.

"ಓಣಿ ಮಂದಿಗೆಲ್ಲ ಟ್ರಿಪ್ ಮಾಡಿಕೊಡ್ತಿ. ಇದಕ್ಕೊಂದು ಮಾಡಿಕೊಡು, ಸುವರ್ಣಾ. ನಾವಿಬ್ಬರೇ" ಅಂದರು.

"ಎಲ್ಲಿ ಅದರಿ ಈ ಊರು?"

"ಹುಮನಾಬಾದ್ ಸ್ಟೇಷನ್‌ದಿಂದ ಮುಂದ."

"ಖರೇನ ಅದನೋ, ಇಲ್ಲೋ?"

"ನಾ ನಕಾಶೆ ಬರದೀನಿ ಅಂದ ಮ್ಯಾಲ ಅದ."

ಬೇರೆ ಹೆಂಗಸಾಗಿದ್ದರೆ ಗಂಡನ ಹಣೆ ಮುಟ್ಟಿ ನೋಡುತ್ತಿದ್ದಳು. ನನಗೆ ಕಂಡದ್ದು, ವಾಹನ ಗೊತ್ತುಮಾಡದೆ ಹೊರಟು ನಿಂತ ಒಬ್ಬ ಪ್ರವಾಸಿ. ಮನಸ್ಸು ತಡೆಯಲಿಲ್ಲ. ಪೆನ್ನು ತೆಗೆದುಕೊಂಡು ಹೋಗುವುದು ಹೇಗೆಂದು ವಿಚಾರಿಸಿದೆ. ರೆಕ್ಕೆ ಇರುವ ಎಮ್ಮೆಯ ಮೇಲಂತೆ. ಒಳ್ಳೆಯ ಆಯ್ಕೆ. ರೆಕ್ಕೆಯ ಕುದುರೆ ಅಂತ ಯಾರಾದರೂ ತೋರಿಸಿದರೆ ಮರುಳಾಗಬೇಡಿ, ಎಮ್ಮೆಯಾದರೆ ದಾರಿಯಲ್ಲಿ ಚಹಾದ ಹಾಲಿನ ಚಿಂತೆ ಇಲ್ಲ. ಚೀಲಗಳನ್ನು ಕೊಂಬಿಗೆ ಹಾಕಬಹುದು. ಒಂದೇ ತೊಂದರೆಯೆಂದರೆ ಅದು ಇಳಿಯುವುದು ಕೆರೆಯಲ್ಲಿ, ಇಳಿದ ಮೇಲೆ ಸಂಜೆಯವರೆಗೆ ಏಳುವುದಿಲ್ಲ. ಹಾಗಾಗಿ ಮೊದಲ ದಿನದ ಮಧ್ಯಾಹ್ನದ ಎದುರಿಗೆ "ವಿಶ್ರಾಂತಿ, ಕುತ್ತಿಗೆಯವರೆಗೆ ನೀರು" ಎಂದು ಬರೆದುಕೊಂಡೆ.

ಝಂಪಾಬಾದಿನಲ್ಲಿ ಗುಡ್ಡ ಹತ್ತಬೇಕಾಗಿಲ್ಲ, ಗುಡ್ಡವೇ ನಾವಿದ್ದಲ್ಲಿಗೆ ಬಂದು ಬೆನ್ನು ತುರಿಸಿಕೊಂಡು ಹೋಗುತ್ತದೆ. ನನ್ನ ಮಂಡಿನೋವಿಗೆ ಇದು ಪಸಂದಾಯಿತು. ಮೋಡದ ಬಸ್ಸೊಂದಿದೆ, ಅದು ಸರಿಯಾದ ಟೈಮಿಗೆ ಬಿಡುತ್ತದೆ. ಈ ಕಾರಣಕ್ಕೆ ನಮ್ಮ ಭಾಗದವರು ಯಾರೂ ಇವತ್ತಿನವರೆಗೆ ಅದನ್ನು ಹತ್ತಿಲ್ಲ. ಐತವಾರ ಬೆಳಿಗ್ಗೆ ರಾಕ್ಷಸರ ಬಜಾರು. ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ಆ ಬಜಾರಿನಲ್ಲಿ ಗಿರಾಕಿ ಬೆಲೆ ಏರಿಸಬೇಕಂತೆ, ಮಾರುವ ರಾಕ್ಷಸ ಇಳಿಸಬೇಕಂತೆ. ಕಡಿಮೆಗೆ ಕೇಳಿದರೆ ರಾಕ್ಷಸ ಅಳುತ್ತಾನೆ, ಓಣಿಯಲ್ಲಿ ಮೊಳಕಾಲುದ್ದ ನೀರು ನಿಲ್ಲುತ್ತದೆ.

"ತಾನಾಗಿ ಬೆಲಿ ಏರಸೋ ಹುಚ್ಚರು ಯಾರದಾರರಿ? ಇದನ್ನ ತಗದು ಹಾಕ್ರಿ" ಅಂದೆ.

"ಶಾಯಿಲೆ ಬರದದ್ದು, ಅಳಸಾಕ ಬರೂದಿಲ್ಲ. ಹೋಗಿ ನೋಡೋಣಲಾ" ಅಂದರು.

ಅಷ್ಟರಲ್ಲಿ ಪಕ್ಕದ ಟೇಲರ್ ಅಂಗಡಿಯ ಮೆಹರುನ್ನಿಸಾ ಬಂದಳು. ಕತ್ತಿಗೆ ಟೇಪು ಹಾಕಿಕೊಂಡೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಸುವರ್ಣಕ್ಕಾ, ನನಗೂ ಒಂದ್ ಸೀಟ್ ಹಿಡೀರಿ. ಕಿಡಕಿ ಕಡಿ" ಅಂದಳು. ಎಮ್ಮೆಗೆ ಕಿಡಕಿ ಇರುವುದಿಲ್ಲ ಅಂದೆ. ಹಾಗಾದರೆ ನಡುವೆ ಕೂರುತ್ತೇನೆ, ಗಾಳಿ ತನಗೆ ಆಗಿಬರುವುದಿಲ್ಲ ಅಂದಳು. ನನ್ನ ಗಂಡ ನೋಟ್‌ಬುಕ್ಕನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ಮೆಹರುನ್ನಿಸಾ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಅಯ್ಯ, ಹನ್ನೆರಡು ಬ್ಲೌಸ್ ಬಾಕಿ ಅವ ನನ್ನವು. ನೀವಿಬ್ಬರೂ ಹೋಗಿ ಬರ್ರಿ" ಎಂದು ಹೊರಟುಬಿಟ್ಟಳು. ಅವಳಿಗೆ ತಿಳಿದದ್ದು ನನಗೆ ಆಗ ತಿಳಿಯಲಿಲ್ಲ. ನಾನು ಮುಂದಿನ ಪ್ರಶ್ನೆಗೆ ಹೋದೆ. ಎಷ್ಟು ದಿನ?

"ಎಂಟು" ಅಂದರು.

ಎಂಟು ದಿನ ಶಟರ್ ಇಳಿಸುವುದೆಂದರೆ ಏನು ಹುಡುಗಾಟವೇ? ಅರ್ಧ ದಿನ ಅಂದೆ. ಆರು ಅಂದರು. ಒಂದು ಅಂದೆ. ಎಮ್ಮೆಗೆ ದಣಿವಾಗುತ್ತದೆ, ನಾಲ್ಕಾದರೂ ಬೇಕು ಅಂದರು. ನನ್ನ ಗಂಡ ಚೌಕಾಸಿ ಮಾಡುವುದನ್ನು ಅವತ್ತೇ ಮೊದಲು ನೋಡಿದ್ದು, ಪಾಪ ಅನ್ನಿಸಿತು. ಆದರೆ ವ್ಯವಹಾರದಲ್ಲಿ ಪಾಪ ಅನ್ನಬಾರದು. ಎದ್ದು ಬೆನ್ನು ತಿರುಗಿಸಿ ನಡೆದೆ. ನನ್ನ ಅಂಗಡಿ ಐದೇ ಹೆಜ್ಜೆಯದು, ಆರನೆಯದು ರಸ್ತೆಗೆ ಬಿತ್ತು. ಏಳನೆಯದಕ್ಕೆ ಕೂಗಿದರು.

"ಎರಡಾಗಲಿ, ಬಾ. ಶನಿವಾರ, ಐತವಾರ. ಅದಕ್ಕಿಂತ ಕಡಿಮಿ ನನಗ ಪರವಡಿಸೂದಿಲ್ಲ."

ಎಂಟರಿಂದ ಎರಡು. ಗೆದ್ದ ಖುಷಿಯಲ್ಲಿ ಮೆಹರುನ್ನಿಸಾಳಿಗೆ ಮೂರು ಸಲ ಹೇಳಿದೆ. ಅಂಗಡಿ ಹಾಕಿದಂದಿನಿಂದ ಓಣಿಯ ಪ್ರವಾಸಕ್ಕೂ ಅರ್ಧ ದಿನಕ್ಕಿಂತ ಹೆಚ್ಚು ಇಳಿಯದ ಶಟರ್ ಈಗ ಎರಡು ದಿನ ಇಳಿಯುತ್ತದೆ ಅನ್ನುವ ಕಡೆ ನನ್ನ ಗಮನವೇ ಹೋಗಲಿಲ್ಲ. ಹೋದಾಗ ಮಾತು ಕೊಟ್ಟಾಗಿತ್ತು. ಮಾತು ಕೊಟ್ಟ ಮೇಲೆ ಹಿಂದೆ ಸರಿಯುವುದು ನನ್ನ ಅಂಗಡಿಯಲ್ಲಿ ಇಲ್ಲ.

ಶನಿವಾರ ಐದಕ್ಕೆ ಹೊರಡುವುದೆಂದು ನಾನೇ ಬರೆದಿದ್ದೆ, ಹೊರಟದ್ದು ಏಳೂವರೆಗೆ. ಗಿರಾಕಿ ಬಂದರೆ ಝಂಪಾಬಾದಿಗೆ ಹೋಗಿದ್ದಾರೆಂದು ಹೇಳಲು ಮೆಹರುನ್ನಿಸಾಳಿಗೆ ಒಪ್ಪಿಸಿದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ನೀರಿನ ಬಾಟಲಿ, ಮತ್ತೆ ಒಂದು ಗಟ್ಟಿ ಹಗ್ಗ. ಹಾರುವ ಪ್ರಾಣಿಯ ಮೇಲೆ ಹೋಗುವವರು ಹಗ್ಗ ಮರೆಯಬೇಡಿ. ಆಟೋದಲ್ಲಿ ಸಸ್ತಾಪುರ ಬಂಗ್ಲಾಕ್ಕೆ ಹೋಗಿ, ಬಸ್ಸು ಹಿಡಿದು, ಹುಮನಾಬಾದ್ ಸ್ಟೇಷನ್ನಿನ ಬೇವಿನ ಮರದ ಕೆಳಗೆ ಕೂತೆವು. ಸ್ವಲ್ಪ ಹೊತ್ತಿಗೆ ಒಂದು ಎಮ್ಮೆ ನಿಜವಾಗಿಯೂ ಬಂತು.

"ರೆಕ್ಕಿ ಎಲ್ಲವರಿ?" ಅಂದೆ.

"ಶನಿವಾರ ತೊಳಿಯಾಕ ಹಾಕ್ತಾರ" ಅಂದರು, ಮುಖ ಗಂಭೀರ ಮಾಡಿಕೊಂಡು.

ನನಗೆ ನಗು ಬಂದುಬಿಟ್ಟಿತು. ಎಮ್ಮೆ ನಮ್ಮ ಹಗ್ಗದ ಚೀಲ ಮೂಸಿ ನೋಡಿ ಹೋಯಿತು. ರೊಟ್ಟಿ ಬಿಚ್ಚಿದೆವು. ಝಂಪಾಬಾದಿನ ಮಜ್ಜಿಗೆಯ ಕೆರೆ ಯಾಕೆ ಹುಳಿಯಾಗುವುದಿಲ್ಲ, ಗುಡ್ಡಗಳು ಹೇಗೆ ಲಗ್ನವಾಗುತ್ತವೆ ಎಂದು ಇವರು ಹೇಳುತ್ತಾ ಹೋದರು. ಇಷ್ಟು ಮಾತು ಇವರೊಳಗಿತ್ತೆಂದು ನನಗೆ ಗೊತ್ತಿರಲಿಲ್ಲ. ನಡುವೆ ಒಬ್ಬ ಗಿರಾಕಿಯ ಫೋನು ಬಂತು, ದೊಡ್ಡ ಪಾತೇಲಿ ಬೇಕಂತೆ. ಹೊರದೇಶದಲ್ಲಿದ್ದೇನೆ, ಸೋಮವಾರ ಬಾ ಎಂದು ಹೇಳಿ ಬಂದ್ ಮಾಡಿದೆ.

ಕೈ ತೊಳೆಯಲು ಇವರು ಎದ್ದಾಗ, ಮುಂದಿನ ಕಾರ್ಯಕ್ರಮ ಏನೆಂದು ನೋಡಲು ನೋಟ್‌ಬುಕ್ಕು ತೆಗೆದೆ. ಕೊನೆಯ ಹಾಳೆಯಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣ ಅಕ್ಷರ: "ಕೇಳುವುದು ಎಂಟು. ಅರ್ಧ ದಿನ ಅನ್ನುತ್ತಾಳೆ. ನಾಲ್ಕಕ್ಕೆ ಬಂದಾಗ ಎದ್ದು ಹೋಗುತ್ತಾಳೆ. ಏಳನೆಯ ಹೆಜ್ಜೆಗೆ ಕರೆಯುವುದು. ಬೇಕಾದದ್ದು ಎರಡು."

ಮೂವತ್ತೈದು ವರ್ಷ ಟೆಂಪೋದ ಕೊನೆಯ ಸೀಟಿನಲ್ಲಿ ಕೂತ ಮನುಷ್ಯ ಕಿಡಕಿಯಾಚೆ ನೋಡುತ್ತಿರಲಿಲ್ಲ. ಪಾಠ ಕೇಳುತ್ತಿದ್ದರು. ಬುಟ್ಟಿಯಲ್ಲಿ ಕ್ಯಾರಿಯರ್ ಇಟ್ಟುಕೊಂಡು ಲೋಟ ತೋರಿಸುವ ನನಗೇ ಅವರು ಎಂಟು ತೋರಿಸಿ ಎರಡು ಮಾರಿದ್ದರು.

ಹಾಳೆ ಮುಚ್ಚಿಟ್ಟೆ. ಅವರು ಬಂದು ಕೂತ ಮೇಲೆ, ಏನೂ ನೋಡದವಳ ಹಾಗೆ, "ಎರಡು ದಿನದಾಗ ಮುಗಿಯೂದಿಲ್ಲ ಕಾಣ್ತದ. ಮೂರು ಮಾಡಿದ್ರ ಹ್ಯಾಂಗರಿ?" ಅಂದೆ.

"ಎರಡು" ಅಂದರು, ರೊಟ್ಟಿಯ ಬಟ್ಟೆ ಮಡಚುತ್ತಾ.

"ನಾಲ್ಕು."

"ಒಂದೂವರಿ."

ಬೆಲೆ ಏರಿಸುತ್ತಿರುವ ಹುಚ್ಚಿ ನಾನೇ ಎಂದು ಹೊಳೆದದ್ದು ಆಗ. ಆದರೂ ನನ್ನ ಹತ್ತಿರ ಒಂದು ಅಸ್ತ್ರ ಉಳಿದಿತ್ತು. ಎದ್ದೆ, ಬೆನ್ನು ತಿರುಗಿಸಿದೆ, ನಡೆದೆ. ಏಳಾಯಿತು. ಎಂಟು. ಹತ್ತು. ಹಿಂದಿನಿಂದ ದನಿಯಿಲ್ಲ. ಹದಿನಾಲ್ಕನೆಯ ಹೆಜ್ಜೆಗೆ ಪ್ಲಾಟ್‌ಫಾರ್ಮಿನ ನಳ ಅಡ್ಡ ಬಂತು. ಅದಕ್ಕೇ ಬಂದವಳ ಹಾಗೆ ಕೈಯಲ್ಲಿದ್ದ ಬಾಟಲಿಗೆ ನೀರು ತುಂಬಿಕೊಂಡೆ. ವಾಪಸು ಬಂದು ಅವರ ಪಕ್ಕ ಕೂತು, ಎರಡೇ ಇರಲಿ ಬಿಡ್ರಿ ಅಂದೆ.