ಬಸುರಿ ನಾನು, ಬಯಕೆ ಕಾಕಾರದು

ನಾನು ಚೊಚ್ಚಲ ಬಸುರಿಯಾದಾಗ ಬಯಕೆ ಹತ್ತಿದ್ದು ನನಗಲ್ಲ, ನಮ್ಮ ಕಾಕಾರಿಗೆ. ನಗಬೇಡಿ, ಇದು ಮೊರಬದ ನಮ್ಮ ಓಣಿಗೆಲ್ಲ ಗೊತ್ತಿದ್ದ ಸಂಗತಿ. ಐವತ್ತೈದು ದಾಟಿದ, ಹುರಿಮೀಸೆಯ, ತಲೆಗೆ ಪಟಗ ಸುತ್ತಿದ ಆಳೆತ್ತರದ ಗಂಡಸು. ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು ನಿಜ, ಆದರೆ ಅದಕ್ಕೆ ಬೇರೆ ಕಾರಣಗಳಿದ್ದವು.

ಕಾಕಾ ಎಂದರೆ ನನ್ನ ಮಾವನ ತಮ್ಮ. ಸಣ್ಣ ಮಾವ ಎಂದು ಕರೆಯಬೇಕಾದದ್ದು ನ್ಯಾಯ. ಆದರೆ ಊರಿಗೆ ಊರೇ ಅವರನ್ನು ಕಾಕಾ ಎನ್ನುತ್ತಿದ್ದಾಗ ಹೊಸದಾಗಿ ಬಂದ ಸೊಸೆ ನಾನೊಬ್ಬಳೇ ಬೇರೆ ರಾಗ ತೆಗೆಯುವುದು ಹೇಗೆ? ಅವರ ಹೆಂಡತಿಯನ್ನು ಮಾತ್ರ ಸಣ್ಣತ್ತಿ ಎನ್ನುತ್ತಿದ್ದೆ. ಅವರ ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಒಬ್ಬಳು ಅಣ್ಣಿಗೇರಿಗೆ, ಒಬ್ಬಳು ಕುಂದಗೋಳಕ್ಕೆ ಹೋಗಿಯಾಗಿತ್ತು. ಅತ್ತೆ, ಮಾವ, ಕಾಕಾ, ಸಣ್ಣತ್ತಿ, ನಾನು, ನಮ್ಮ ಮನೆಯವರು, ಒಂದು ಜೋಡಿ ಎತ್ತು, ಎರಡು ಎಮ್ಮೆ. ಇಷ್ಟು ನಮ್ಮ ಸಂಸಾರ.

ಎಂಬತ್ತರ ದಶಕದ ಆರಂಭ ಅದು. ಸೊಸೆಯಂದಿರಿಗೆ ಬಾಯಿ ಇರುತ್ತಿತ್ತು, ಆದರೆ ಅದು ‘ಹ್ಞೂಂ ರಿ’ ಎನ್ನುವುದಕ್ಕೆ. ನಾನು ಬಸುರಿ ಎನ್ನುವ ಸುದ್ದಿ ತಿಳಿದಾಗ ಅತ್ತೆ ಒಂದು ಸಲ, ಏನಾದರೂ ತಿನ್ನಬೇಕು ಅನಿಸುತ್ತದೆಯೇ ಎಂದು ಕೇಳಿದರು. ಏನೂ ಬೇಡ ಎಂದು ತಲೆ ತಗ್ಗಿಸಿದೆ. ಹಾಗೆ ಹೇಳುವುದು ಸೊಸೆಯ ಮರ್ಯಾದೆ. ಕೇಳಿದವರಿಗೂ ಅದೇ ಉತ್ತರ ಬೇಕಾಗಿರುತ್ತಿತ್ತೋ ಏನೋ, ಮತ್ತೆ ಕೇಳಲಿಲ್ಲ.

ಆದರೆ ಬಾಯಿಗೆ ಮರ್ಯಾದೆ ಗೊತ್ತಿದ್ದಷ್ಟು ನಾಲಿಗೆಗೆ ಗೊತ್ತಿರುತ್ತದೆಯೇ? ಒಂದು ಸಂಜೆ ಜೋಳ ಹಸನು ಮಾಡುತ್ತ ಸಣ್ಣತ್ತಿಯ ಮುಂದೆ ನನ್ನ ತವರಿನ ಮಾತು ಬಂತು. ಕಲಘಟಗಿ ಕಡೆಯ ತಂಬೂರಿನ ನಮ್ಮ ಹಿತ್ತಲಿನ ಮಾವಿನಕಾಯಿ, ಅದನ್ನು ಕಲ್ಲಿನಿಂದ ಒಡೆದು ಉಪ್ಪು ಖಾರ ಹಚ್ಚಿ ನಾವು ತಿನ್ನುತ್ತಿದ್ದ ಬಗೆ, ಇದನ್ನೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನಾಲ್ಕು ಸಲ ಎಂಜಲು ನುಂಗಿರಬೇಕು. ಕಾಕಾ ಪಡಸಾಲೆಯಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದರು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಕಾಕಾ ನಾಪತ್ತೆ.

ಅವರು ಹೋದದ್ದು ಎಲ್ಲಿಗೆ ಗೊತ್ತೇ? ಹುಬ್ಬಳ್ಳಿಯಲ್ಲಿ ಒಂದು ಬಸ್ಸು, ಕಲಘಟಗಿಯಲ್ಲಿ ಇನ್ನೊಂದು ಬಸ್ಸು ಬದಲಿಸಿ, ನಡು ಮಧ್ಯಾಹ್ನದ ಬಿಸಿಲಿನಲ್ಲಿ ನನ್ನ ತವರಿನ ಕಟ್ಟೆಯ ಮೇಲೆ ಹೋಗಿ ಕುಳಿತಿದ್ದರು. ಬೀಗರು ಹೇಳದೆ ಕೇಳದೆ ಬಂದದ್ದು ನೋಡಿ ನಮ್ಮ ಅವ್ವನ ಎದೆ ಧಸಕ್ಕೆಂದಿತಂತೆ. ನೀರು ಕೊಟ್ಟು, ಎಲ್ಲ ಆರಾಮೇ ಎಂದು ಹೆದರುತ್ತಲೇ ಕೇಳಿದಳು. ಕಾಕಾ ತಂಬಿಗೆ ಖಾಲಿ ಮಾಡಿ, ಮೀಸೆ ಒರೆಸಿಕೊಂಡು ಹೇಳಿದರಂತೆ.

“ಎಲ್ಲಾ ಆರಾಮ ಐತ್ರಿ. ನನಗ ಯಾಕೋ ಎರಡು ತಿಂಗಳಾತು, ಬಾಯಿ ಹುಳಿ ಬೇಡಾಕತ್ತೈತಿ. ನಿಮ್ಮ ಹಿತ್ತಲದಾಗಿನ ಮಾವಿನಕಾಯಿ ನಾಕು ಕೊಡ್ರಿ.”

ಅವ್ವ ಒಂದು ಗಳಿಗೆ ಅವರ ಮುಖವನ್ನೇ ನೋಡುತ್ತ ನಿಂತಳು. ನಾಲ್ಕು ಮಾವಿನಕಾಯಿಗೆ ಮೂರು ಬಸ್ಸು ಹತ್ತಿ ಬಂದ ಗಂಡಸು! ಆಮೇಲೆ ಅರ್ಥವಾಗಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಓಡಿದಳು. ಮಗಳು ಬಸುರಿ ಎನ್ನುವ ಸುದ್ದಿ ನಮ್ಮ ತವರಿಗೆ ತಿಳಿದದ್ದು ಹೀಗೆ.

ಚೀಲದ ತುಂಬ ಕಾಯಿ ಬಂತು. ಕಾಕಾ ಎಲ್ಲರೆದುರು ಒಂದು ಹೋಳು ಕಚ್ಚಿದರು. ಕಣ್ಣು ಮುಚ್ಚಿದರು, ಭುಜ ಕುಣಿಸಿದರು. ಎರಡು ದಿನ ಹಲ್ಲು ಚಳಿತು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಉಂಡರು. ಉಳಿದ ಕಾಯಿಗಳನ್ನು ಅಡುಗೆಮನೆಯ ಗೋಡೆಯ ಮಾಡದಲ್ಲಿಟ್ಟು, ಒಂದೂ ಕೆಡಬಾರದು ಎಂದು ಅಪ್ಪಣೆ ಮಾಡಿದರು. ಒಂದೂ ಕೆಡಲಿಲ್ಲ. ಯಾರು ತಿಂದರು ಎಂದು ನೀವು ಕೇಳಬಾರದು, ನಾನು ಹೇಳಬಾರದು.

ಸಣ್ಣತ್ತಿ ಇದನ್ನೆಲ್ಲ ನೋಡಿಯೂ ಮುಖದಲ್ಲಿ ನಗೆ ತರದೆ ಅತ್ತೆಯನ್ನು ಕೇಳಿದರು, “ಅಕ್ಕಾ, ಇವರದು ಬಾಣಂತನ ತವರಮನ್ಯಾಗ ಮಾಡೂದೋ, ಇಲ್ಲೇ ಮಾಡೂದೋ?”

ಗಿರಮಿಟ್ಟಿನ ಪ್ರಸಂಗ ಇನ್ನೊಂದು. ಒಮ್ಮೆ ನವಲಗುಂದದಿಂದ ನನಗಾಗಿ, ಅಲ್ಲಲ್ಲ, ತಮಗಾಗಿ, ಗಿರಮಿಟ್ಟು ಕಟ್ಟಿಸಿಕೊಂಡು ಬಂದರು. ಬಸ್ಸು ತಡವಾಯಿತು. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಚುರುಮುರಿ ಮೆತ್ತಗಾಗಿ ಉಪ್ಪಿಟ್ಟಿನಂತೆ ಕುಳಿತಿತ್ತು. ಕಾಕಾ ಬಸ್ಸಿಗೂ ಡ್ರೈವರನಿಗೂ ಬೈದು, ತಲೆಗೆ ಕೈಹಚ್ಚಿ ಕುಳಿತು, ಗಿರಮಿಟ್ಟನ್ನು ತರಲಾಗುವುದಿಲ್ಲ, ಮಾಡುವವನನ್ನೇ ತರಬೇಕು ಎಂಬ ತೀರ್ಮಾನಕ್ಕೆ ಬಂದರು. ಇದು ಮಾತಿಗೆ ಆಡಿದ್ದೆಂದು ನಾವು ತಿಳಿದೆವು. ಮುಂದಿನ ಸಂತೆಯ ದಿನ ಗಿರಮಿಟ್ಟಿನವನು ತನ್ನ ಬುಟ್ಟಿ, ಎಣ್ಣೆಯ ಡಬ್ಬಿ, ಈಳಿಗೆ ಸಮೇತ ನಮ್ಮ ಅಂಗಳದಲ್ಲಿ ಇಳಿದ! ಓಣಿಯ ಹೆಂಗಸರು ತಾಟು ಹಿಡಿದು ಸಾಲು ನಿಂತರು. ಬಸುರಿಯಾದ ನನ್ನ ಪಾಳಿ ಬಂದದ್ದು ಹನ್ನೊಂದನೆಯದು. ಕಾಕಾ ನನಗಾಗಿ ಸಾಲು ಮುರಿಯುವ ಹಾಗಿರಲಿಲ್ಲ. ಬಯಕೆ ಅವರದಲ್ಲವೇ?

ಇನ್ನು ನನ್ನ ಮಾನ ಹೋಗುವ ಸಂಗತಿ ಹೇಳುತ್ತೇನೆ. ನಾಲ್ಕನೆಯ ತಿಂಗಳಿನಲ್ಲಿ ನನಗೆ ಮಣ್ಣು ತಿನ್ನುವ ಚಟ ಹತ್ತಿತು. ಅಂಗಳಕ್ಕೆ ನೀರು ಚಿಮುಕಿಸಿದಾಗ ಏಳುವ ವಾಸನೆಗೆ ತಲೆ ತಿರುಗಿದಂತಾಗುತ್ತಿತ್ತು. ಹಿತ್ತಲ ಗೋಡೆಯಿಂದ ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಒಂದು ದಿನ ಹಾಗೆ ಹಾಕಿಕೊಂಡು ತಿರುಗಿದರೆ ಮೇವಿನ ಹೊರೆ ಹೊತ್ತ ಕಾಕಾ! ನಾನು ಭೂಮಿಗಿಳಿದು ಹೋದೆ. ಅವರು ಸುಮ್ಮನೆ ಒಮ್ಮೆ ಕೆಮ್ಮಿ ದನದ ಕೊಟ್ಟಿಗೆಯ ಕಡೆ ನಡೆದರು.

ಮಾರನೆಯ ದಿನ ನವಲಗುಂದದಲ್ಲಿ ಡಾಕ್ಟರಬಾಯಿಯ ಮುಂದೆ ಹಾಜರು. ನಮ್ಮ ಮನೆಯವರು ಜೊತೆಗೆ ಹೋಗಿದ್ದರು. ಇದೆಲ್ಲ ಅವರು ಬಂದು ಹೊಟ್ಟೆ ಹಿಡಿದುಕೊಂಡು ಹೇಳಿದ್ದು. ಏನು ತೊಂದರೆ ಎಂದು ಡಾಕ್ಟರಬಾಯಿ ಕೇಳಿದರು. ಮಣ್ಣು ತಿನ್ನಬೇಕು ಅನಿಸುತ್ತದೆ ಎಂದರು ಕಾಕಾ. ಎಷ್ಟು ದಿನದಿಂದ ಎಂದು ಕೇಳಿದ್ದಕ್ಕೆ, ಈಗ ನಾಲ್ಕನೆಯದು ನಡೆದಿದೆ ಎಂದರು. ಆಕೆ ಪೆನ್ನು ಕೆಳಗಿಟ್ಟು ಅವರ ಮೀಸೆಯನ್ನೂ ಪಟಗವನ್ನೂ ಒಮ್ಮೆ ನೋಡಿ, ಮನೆಯಲ್ಲಿ ಬಸುರಿ ಯಾರಿದ್ದಾರೆ ಎಂದು ಕೇಳಿದರು.

ಕಾಕಾ ಸೂರಿನ ಕಡೆ ನೋಡುತ್ತ ಅಂದರಂತೆ, “ಅದನ್ನ ನಾ ಹೆಂಗ ಹೇಳಬೇಕ್ರಿ? ನಮ್ಮ ಸೊಸಿ ನಾಚಕೋತಾಳ.”

ಡಾಕ್ಟರಬಾಯಿ ಒಳ್ಳೆಯವರು. ರಕ್ತ ಕಡಿಮೆಯಾದರೆ ಹೀಗಾಗುತ್ತದೆ ಎಂದು ಕಬ್ಬಿಣಾಂಶದ ಗುಳಿಗೆ ಬರೆದುಕೊಟ್ಟು, ನಾಚಿಕೊಳ್ಳುವವರನ್ನು ಮುಂದಿನ ವಾರ ಕರೆದುಕೊಂಡು ಬರಲು ಹೇಳಿ ಕಳಿಸಿದರು. ಅಂದಿನಿಂದ ದಿನವೂ ಊಟ ಮುಗಿಯುತ್ತಲೇ ಕಾಕಾ ಪಡಸಾಲೆಯಿಂದ ಕೂಗಿ ಕೇಳುವರು, “ನನ್ನ ಗುಳಿಗಿ ನುಂಗಿದೇನವಾ?” ನುಂಗಿದೆ ಎಂದರೆ ಅವರಿಗೆ ಸಮಾಧಾನ. ಒಂದು ತಿಂಗಳಿನಲ್ಲಿ ನನ್ನ ಮಣ್ಣಿನ ಚಟ ಬಿಟ್ಟಿತು. ತಮಗೆ ಈಗ ಆರಾಮಾಗಿದೆ ಎಂದು ಕಾಕಾ ಓಣಿಯ ತುಂಬ ಹೇಳಿಕೊಂಡು ಬಂದರು.

ಏಳನೆಯ ತಿಂಗಳಿಗೆ ಕುಬಸ ಎಂದು ನಿಶ್ಚಯವಾಯಿತು. ಕುಬಸ ಎಂದರೆ ಸೀಮಂತ, ನಮ್ಮ ಕಡೆ ಅದು ದೊಡ್ಡ ಸಂಭ್ರಮ. ತವರಿನವರು ಹಸಿರು ಸೀರೆ, ಹಸಿರು ಬಳೆ, ಬಗೆಬಗೆಯ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಬಸುರಿಯ ಮುಡಿ ತುಂಬ ಹೂವು, ಉಡಿ ತುಂಬ ಅಕ್ಕಿ ಕೊಬ್ಬರಿ. ಕುಬಸ ಚೊಚ್ಚಲಿಗೆ ಮಾತ್ರ, ಆಮೇಲೆ ಎಷ್ಟು ಹೆತ್ತರೂ ಯಾರೂ ಕೇಳುವುದಿಲ್ಲ.

ಆದರೆ ಹಿಂದಿನ ದಿನದಿಂದಲೇ ಉತ್ತರಿ ಮಳೆ ಹಿಡಿಯಿತು. ನಮ್ಮ ಎರೆಭೂಮಿಯ ಬಗ್ಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಿರುಕು, ಮಳೆ ಬಂದರೆ ಕಾಲಿನಿಂದ ಚಪ್ಪಲಿಯನ್ನೇ ಕಿತ್ತುಕೊಳ್ಳುವ ಅಂಟು. ಮಧ್ಯಾಹ್ನ ಹನ್ನೆರಡಾದರೂ ತವರಿನವರ ಸುಳಿವಿಲ್ಲ. ಯಾರೋ ಬಂದು, ಬಸ್ಸು ಎರಡು ಮೈಲಿ ಆಚೆ ಹಳ್ಳದ ದಂಡೆಯಲ್ಲಿ ಹೂತು ನಿಂತಿದೆ ಎಂದರು. ಮುತ್ತೈದೆಯರು ಬಂದು ಕುಳಿತಾಗಿತ್ತು. ಹೊತ್ತು ಮೀರುತ್ತದೆ ಎಂದು ಅತ್ತೆ ಚಡಪಡಿಸಿದರು. ಕುಬಸವನ್ನು ಅರ್ಧಕ್ಕೆ ಬಿಡಬಾರದು, ಮುಂದಕ್ಕೂ ಹಾಕಬಾರದು ಎಂದು ಒಬ್ಬ ಅಜ್ಜಿ ಹೇಳಿದಳು. ನನಗೆ ಅಳು ಬಂತು. ಕಾಕಾ ಕೊಡೆ ತೆಗೆದುಕೊಂಡು, ಪರಿಚಯದವರ ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿಸಿ ಹೊರಟುಬಿಟ್ಟರು.

ಮೂರು ಗಂಟೆಯ ಹೊತ್ತಿಗೆ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಟ್ರೇಲರಿನಲ್ಲಿ ನಮ್ಮ ಅವ್ವ, ಅಪ್ಪ, ನನ್ನ ಇಬ್ಬರು ಅಕ್ಕಂದಿರು ಅಡಿಯಿಂದ ಮುಡಿಯವರೆಗೆ ತೊಯ್ದು ಕುಳಿತಿದ್ದರು. ಕಾಕಾ ನಡುವೆ ನಿಂತು ಕೊಡೆ ಹಿಡಿದಿದ್ದರು. ಯಾರಿಗೆ? ಬುತ್ತಿಯ ಬುಟ್ಟಿಗೆ! ಹಳ್ಳದ ದಂಡೆಯಲ್ಲಿ ಇವರನ್ನು ಕಂಡಕೂಡಲೇ ಕಾಕಾ ಆರಾಮವೇ ಎಂದು ಕೇಳಲಿಲ್ಲವಂತೆ, ಬುತ್ತಿ ತೊಯ್ದಿಲ್ಲವಷ್ಟೇ ಎಂದು ಕೇಳಿದರಂತೆ. ಕೆಸರಿನಲ್ಲಿ ಕಾಲು ಹೂತ ನಮ್ಮ ಅಪ್ಪನ ಕೈ ಬಿಟ್ಟು ಹೋಳಿಗೆಯ ಡಬ್ಬಿ ಹಿಡಿದರಂತೆ. ಶೇಂಗಾ ಹೋಳಿಗೆ, ಬೆಲ್ಲದ ಮಾದಲಿ, ಬದನೆಯ ಎಣಗಾಯಿ, ಮೊಸರು ಬುತ್ತಿ ಎಲ್ಲ ಒಣ ಒಣವಾಗಿ ನಮ್ಮ ಮನೆ ಮುಟ್ಟಿದವು. ಅಪ್ಪ ಮುಂದೆ ವಾರವಿಡೀ ನೆಗಡಿಯಿಂದ ಮಲಗಿದ.

ನನ್ನನ್ನು ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದರು. ನಮ್ಮಲ್ಲಿ ಬಸುರಿಯನ್ನು ಒಬ್ಬಳನ್ನೇ ಕೂರಿಸುವುದಿಲ್ಲ, ಬಗಲಿಗೆ ಇನ್ನೊಬ್ಬರು ಬೇಕು. ಕೂರಬೇಕಾಗಿದ್ದ ಕಾಕಾರ ಕಿರಿಮಗಳು ಮಳೆಯಿಂದಾಗಿ ಕುಂದಗೋಳದಿಂದ ಬಂದಿರಲಿಲ್ಲ. ಯಾರನ್ನು ಕೂರಿಸುವುದು ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದಾಗ ಹೊಸ್ತಿಲ ಆಚೆಯಿಂದ ಕಾಕಾ ಸಣ್ಣತ್ತಿಯ ಕಡೆ ಗದ್ದ ಎತ್ತಿ ತೋರಿಸಿದರು.

“ಅಕಿನ್ನ ಕುಂದರಸ್ರಿ.”

ಮನೆಯೆಲ್ಲ ನಗು. ಕಾಕಾರ ಬಯಕೆ ಮುಗಿಯಿತು, ಈಗ ಸಣ್ಣತ್ತಿಯದು ಶುರುವಾಯಿತು ಎಂದು ಯಾರೋ ಅಂದರು. ಮೊಮ್ಮಕ್ಕಳಾದ ಮೇಲೆ ಇದೇನು ಹುಚ್ಚು ಎಂದು ಸಣ್ಣತ್ತಿ ಸಿಟ್ಟಿನಿಂದ ಎದ್ದು ಒಳಗೆ ಹೊರಟರು. ನಾನೂ ನಗುತ್ತಿದ್ದೆ. ಆಗ ಕಾಕಾ ಹೆಂಗಸರ ನಡುವೆ ಬಂದು ನಿಂತರು. ಕೈಯಲ್ಲಿ ಕಾಗದದ ಪೊಟ್ಟಣ, ಅದರೊಳಗೆ ಹಸಿರು ಇಳಕಲ್ ಸೀರೆ. ಯಾವಾಗ ತಂದಿಟ್ಟುಕೊಂಡಿದ್ದರೋ ಯಾರಿಗೂ ಗೊತ್ತಿರಲಿಲ್ಲ.

“ನಮ್ಮ ದೊಡ್ಡ ಮಗಳು ಹೊಟ್ಯಾಗಿದ್ದಾಗ ಇಕಿದು ಕುಬಸ ಆಗಲಿಲ್ಲ,” ಎಂದರು. “ಏಳರಾಗ ಇಕಿ ಅಪ್ಪ ತೀರಿಕೊಂಡ. ಎರಡನೇ ಸಲ ಯಾರು ಮಾಡ್ತಾರ ಅಂತ ಬಿಟ್ವಿ. ಆ ಒಂಬತ್ತ ತಿಂಗಳದಾಗ ಇಕಿ ಒಂದಿನಾ ಬಾಯಿ ತೆರದು ಇದು ಬೇಕು ಅನ್ನಲಿಲ್ಲ. ಏನ ಬೇಕು ಅಂತ ನಾನೂ ಕೇಳಲಿಲ್ಲ. ಮಗಳ ಕುಬಸದ ದಿನ ಇಕಿ ಹಿತ್ತಲದಾಗ ನಿಂತು ಅಳೂದು ನೋಡಿದ ಮ್ಯಾಲ ನನಗ ತಿಳೀತು.”

ನಗು ನಿಂತುಹೋಯಿತು. ಸಣ್ಣತ್ತಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಯಾವತ್ತೂ ಬಿಗಿಯಾಗಿರುತ್ತಿದ್ದ ನಮ್ಮ ಅತ್ತೆ ಎದ್ದು ಹೋಗಿ ಅವರ ಕೈ ಹಿಡಿದರು. ತಮ್ಮ ಕುಬಸ ಆದಾಗ ಏಳು ಬುಟ್ಟಿ ಬುತ್ತಿ ಬಂದಿತ್ತು, ಇವಳದು ಆಗಲಿಲ್ಲ ಎನ್ನುವುದು ತಮಗೂ ನೆನಪಾಗಲಿಲ್ಲವಲ್ಲ ಎಂದು ಮೆಲ್ಲಗೆ ಅಂದರು. ಕರೆತಂದು ನನ್ನ ಬಗಲಿನ ಮಣೆಯ ಮೇಲೆ ಕೂರಿಸಿದರು.

ನಮ್ಮ ಅವ್ವ ನನಗೆ ಮಾಡಿದ್ದನ್ನೆಲ್ಲ ಅವರಿಗೂ ಮಾಡಿದಳು. ನರೆತ ಕೂದಲಿಗೆ ಹೂವಿನ ದಂಡೆ ಕಟ್ಟಿದಳು, ಒರಟು ಕೈಗಳಿಗೆ ಬಳೆ ಏರಿಸಿದಳು, ಉಡಿ ತುಂಬಿದಳು. ಆರತಿಯ ಬೆಳಕಿನಲ್ಲಿ ಸಣ್ಣತ್ತಿ ಕತ್ತು ಬಗ್ಗಿಸಿ ಕುಳಿತ ರೀತಿ ನೋಡಿದರೆ ಹದಿನೇಳರ ಹುಡುಗಿ ಎನ್ನಬೇಕು.

ಬುತ್ತಿ ಬಿಚ್ಚಿ ಬಡಿಸುವಾಗ ಕಾಕಾ ಅವರೆದುರು ಬಂದು ಕುಕ್ಕರಗಾಲಿನಲ್ಲಿ ಕುಳಿತು, ಆಗ ಏನು ತಿನ್ನಬೇಕು ಅನಿಸಿತ್ತು ಎಂದು ಮೆತ್ತಗೆ ಕೇಳಿದರು. ತಂಬೂರಿಗಾದರೂ ಸರಿ, ಅಳ್ನಾವರಕ್ಕಾದರೂ ಸರಿ, ಹೋಗಿ ತರುತ್ತೇನೆ ಎಂದರು.

ಸಣ್ಣತ್ತಿ ಕೈಯ ಹಸಿರು ಬಳೆಗಳನ್ನು ಹಿಂದೆ ಮುಂದೆ ಸರಿಸಿದರು.

“ಮರತ ಹೋಗೇತ್ರಿ,” ಎಂದರು.

ಕಾಕಾರ ಮುಖ ಸಪ್ಪಗಾಯಿತು. ಸಣ್ಣತ್ತಿ ತಮ್ಮ ತಾಟನ್ನು ಸ್ವಲ್ಪ ಆಚೆ ಸರಿಸಿ, ನೆಲದ ಮೇಲೆ ಜಾಗ ಮಾಡಿದರು.

“ಈಗ ಒಂದ ಅನಸಾಕತ್ತೈತಿ. ಇಷ್ಟ ವರ್ಷ ನೀವು ಉಂಡ ಎದ್ದ ಮ್ಯಾಲ ನಾ ಉಂಡೀನಿ. ಇವತ್ತ ನನ್ನ ಬಾಜೂಕ ಕುಂತ ಉಣ್ರಿ.”

ಊರ ಹೆಂಗಸರೆಲ್ಲ ಸಾಲಾಗಿ ಕುಳಿತಿದ್ದ ಪಂಕ್ತಿ ಅದು. ಗಂಡಸೊಬ್ಬ ಅಲ್ಲಿ ಕೂರುವುದೆಂದರೇನು? ಕಾಕಾ ಒಮ್ಮೆ ಸುತ್ತ ನೋಡಿದರು. ತಲೆಯ ಪಟಗ ತೆಗೆದು ಪಕ್ಕಕ್ಕಿಟ್ಟು, ಹೆಂಡತಿಯ ಬಗಲಿಗೆ ಕಾಲು ಮಡಚಿ ಕುಳಿತರು. ಅವ್ವ ಅವರಿಗೂ ಒಂದು ತಾಟು ಇಟ್ಟು ಮಾದಲಿ ಬಡಿಸಿದಳು. ಸಣ್ಣತ್ತಿ ತುಪ್ಪದ ಮಿಳ್ಳೆ ತೆಗೆದುಕೊಂಡು ಮೊದಲು ಅವರ ತಾಟಿಗೆ ಹಾಕಲು ಹೋದರು. ಕಾಕಾ ಆ ಕೈಯನ್ನು ತಡೆದು, ಮಿಳ್ಳೆ ಇಸಿದುಕೊಂಡು, ಹೆಂಡತಿಯ ಮಾದಲಿಗೆ ಸಾಕು ಸಾಕು ಎನ್ನುವವರೆಗೆ ತುಪ್ಪ ಸುರಿದರು. ಸಣ್ಣತ್ತಿ ಬಹಳ ಹೊತ್ತಿನವರೆಗೆ ಸಾಕು ಎನ್ನಲಿಲ್ಲ.